ಆಡಿದ ಮಾತು, ಅಚ್ಚಾದ ಮಾತು

ಕೆಲವು ವರ್ಷಗಳ ಹಿಂದಿನ ಸಂಗತಿ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಕತೆಗಳನ್ನು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮಂಡ್ಯದ ಕಡೆಯ ಹಳ್ಳಿಯ ಹುಡುಗನೊಬ್ಬ ಎರಡು ಪುಟದ ಕತೆಯೊಂದನ್ನು ಕೊಟ್ಟಿದ್ದ. ಮಳೆ ಕೈಕೊಟ್ಟ ವರ್ಷ ಅವನ ತಾಯಿ ಊರಿನ ದೊಡ್ಡ ಮನೆಗೆ ರಾಗಿ ಕೇಳಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದುದು ಅದರ ವಸ್ತು. “ಒಸಿ ರಾಗಿ ಕೊಡ್ರವ್ವ, ಸುಗ್ಗೀಲಿ ತೀರಿಸ್ತೀನಿ” ಎಂದು ತಾಯಿ ಕೇಳುತ್ತಾಳೆ. ನಾನು ಕೆಂಪು ಶಾಯಿಯಲ್ಲಿ ಅದನ್ನು “ಸ್ವಲ್ಪ ರಾಗಿಯನ್ನು ಕೊಡಿ ತಾಯಿ, ಸುಗ್ಗಿಯ ಕಾಲದಲ್ಲಿ ಹಿಂದಿರುಗಿಸುತ್ತೇನೆ” ಎಂದು ಮಾಡಿದೆ. ಕತೆಯ ಉದ್ದಕ್ಕೂ “ಹೋದಳಂತೆ”, “ನಿಂತಳಂತೆ”, “ಬಾಗಿಲು ಹಾಕಿದರಂತೆ” ಎಂದಿತ್ತು. ಆ “ಅಂತೆ”ಗಳನ್ನೆಲ್ಲ ಹೊಡೆದುಹಾಕಿ “ಹೋದಳು”, “ನಿಂತಳು” ಎಂದು ನೆಟ್ಟಗೆ ಮಾಡಿದೆ. ಭಾಷೆಗೆ ಉಪಕಾರ ಮಾಡಿದೆನೆಂದೇ ನನ್ನ ಭಾವನೆ.

ಸಂಚಿಕೆ ಅಚ್ಚಾಗಿ ಬಂದ ಮೇಲೆ ಹುಡುಗ ನನ್ನ ಕೊಠಡಿಗೆ ಬಂದ. “ಅವ್ವನಿಗೆ ಓದಿ ಹೇಳ್ದೆ ಸಾರ್. ‘ಯಾರ ಮನೆ ಕತೆಯಪ್ಪ ಇದು?’ ಅಂದ್ಲು” ಎಂದ. ಸ್ವಲ್ಪ ತಡೆದು, “ಅವತ್ತು ನಾನು ಅವಳ ಜೊತೇಲಿ ಹೋಗಿರ್ಲಿಲ್ಲ ಸಾರ್. ಅವಳು ಬಂದು ಹೇಳಿದ್ದು. ಅದಕ್ಕೇ ‘ಅಂತೆ’ ಅಂತ ಬರ್ದಿದ್ದೆ” ಎಂದ. ಮಾತಿನಲ್ಲಿ ದೂರಿನ ಧ್ವನಿಯಿರಲಿಲ್ಲ. ನನಗೆ ಮಾತ್ರ ಉತ್ತರ ತೋಚಲಿಲ್ಲ.

ಅಂದಿನಿಂದ, ನಮ್ಮಲ್ಲಿ ಆಡುವ ಮಾತು ಬರವಣಿಗೆಗೆ ಬಂದ ದಾರಿಯನ್ನು ಹಿಂದಿರುಗಿ ನೋಡುವ ಆಸೆ ನನಗೆ ಹುಟ್ಟಿತು. ಕನ್ನಡ ಒಂದೇ ಅಲ್ಲ, ಹಲವು, ಎಂಬ ಅರಿವು ನಮಗೆ ಹೊಸದೇನಲ್ಲ. ಸೀಮೆಸೀಮೆಗೂ ನುಡಿ ಬೇರೆಯಾಗುವುದರಿಂದ ಕನ್ನಡಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಹೇಳಿದೆ. ಆದರೂ ಹಳೆಯ ಗದ್ಯದಲ್ಲಿ ಈ ಭೇದ ಅಷ್ಟಾಗಿ ಕಾಣದು. ವಡ್ಡಾರಾಧನೆಯ ಪಾತ್ರಗಳು ಧಾರಾಳವಾಗಿ ಮಾತನಾಡುತ್ತವೆ. ಅರಸನಾಗಲಿ ಕಳ್ಳನಾಗಲಿ ಆಡುವುದು ಬಹುಮಟ್ಟಿಗೆ ಒಂದೇ ಕನ್ನಡ. ಸಂಸ್ಕೃತ ನಾಟಕದ ಕಟ್ಟಳೆ ಬೇರೆ. ಅಲ್ಲಿ ಅರಸನಿಗೆ ಸಂಸ್ಕೃತ. ಹೆಂಗಸರಿಗೂ ಸೇವಕರಿಗೂ ಸಾಮಾನ್ಯವಾಗಿ ಪ್ರಾಕೃತ. ಯಾರ ಬಾಯಿಗೆ ಯಾವ ನುಡಿ ಎಂಬುದರಲ್ಲಿಯೇ ಯಾರ ಸ್ಥಾನ ಯಾವುದೆಂಬುದು ಅಡಗಿರುತ್ತದೆ.

ಹೊಸ ಕಾಲದಲ್ಲಿ ಮನೆಮಾತು ಅಚ್ಚಿಗೆ ಬಂದುದು ಮೊದಲು ನಗಿಸುವುದಕ್ಕೆ. 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಬರೆದು ಕನ್ಯಾವಿಕ್ರಯದ ಪದ್ಧತಿಯನ್ನು ಬಯಲಿಗೆಳೆದರು; ಪಾತ್ರಗಳಿಗೆ ತಮ್ಮವರದೇ ಆದ ಹವ್ಯಕ ಕನ್ನಡವನ್ನು ಕೊಟ್ಟರು. 1918ರ ‘ಟೊಳ್ಳುಗಟ್ಟಿ’ಯಲ್ಲಿ ಕೈಲಾಸಂ ಅವರು ಇಂಗ್ಲಿಷ್ ಬೆರೆತ ನಗರದ ಮನೆಮಾತನ್ನು ರಂಗಕ್ಕೆ ತಂದರು. ಅವರು ನಾಟಕಗಳನ್ನು ಬಾಯಲ್ಲಿ ಹೇಳಿ ಗೆಳೆಯರಿಂದ ಬರೆಸುತ್ತಿದ್ದರೆಂಬುದು ಪ್ರಸಿದ್ಧ. ಆ ಮಾತಿನ ಜೀವಂತಿಕೆಗೆ ಇದೂ ಒಂದು ಕಾರಣವಿರಬಹುದು. ಇಬ್ಬರೂ ನಕ್ಕದ್ದು ಮೊದಲು ತಮ್ಮ ಮನೆಯವರನ್ನು ನೋಡಿ ಎಂಬುದನ್ನು ಮರೆಯಬಾರದು. ಈ ನಡುವೆ, 1915ರಲ್ಲಿ, ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಹಳೆಯ ಮೈಸೂರಿನ ದಿನಬಳಕೆಯ ಮಾತಿಗೆ ಕಾದಂಬರಿಯ ಪುಟದಲ್ಲಿಯೂ ಸ್ಥಾನ ಕೊಟ್ಟಿತ್ತು.

ನಗಿಸಲು ಬಂದ ನುಡಿಗೆ ದುಃಖವನ್ನು ಹೊರುವ ಯೋಗ್ಯತೆಯೂ ಇದೆಯೆಂದು ಒಪ್ಪಿಕೊಳ್ಳುವುದು ಮುಂದಿನ ಹೆಜ್ಜೆ. 1933ರ ‘ಚೋಮನ ದುಡಿ’ಯಲ್ಲಿ ಶಿವರಾಮ ಕಾರಂತರ ಎದುರಿಗಿದ್ದ ತೊಡಕು ವಿಚಿತ್ರವಾದದ್ದು: ಚೋಮನಂಥವರ ಮನೆಮಾತು ತುಳು, ಬರೆಯಬೇಕಾದದ್ದು ಕನ್ನಡ. ಕಿವಿಗೆ ಬಿದ್ದ ಶಬ್ದವನ್ನು ಹಾಗೆಯೇ ಇಳಿಸುವಂತಿಲ್ಲದಿದ್ದರೂ ಮಾತು ನಿಜವೆನಿಸಬಹುದೆಂಬುದಕ್ಕೆ ಆ ಪುಸ್ತಕ ಸಾಕ್ಷಿ. 1936ರಲ್ಲಿ ಕುವೆಂಪು ಅವರ ಕಾನೂರಿನ ಕಾದಂಬರಿ ಬಂದಿತು. ಅಲ್ಲಿ ಕಾಡನ್ನು ಬಣ್ಣಿಸುವುದಕ್ಕೆ ಪ್ರೌಢವಾದ ಗ್ರಂಥಭಾಷೆ, ಆಳುಗಳ ಬಾಯಲ್ಲಿ ಮಲೆನಾಡಿನ ನುಡಿ. ಎರಡೂ ಒಂದೇ ಪುಟದಲ್ಲಿ ಬಾಳುತ್ತವೆ.

ಆದರೆ ಮಾತು ಹಳ್ಳಿಯದಾದರೂ ಕತೆ ಹೇಳುವವನು ಓದಿದವನಾಗಿಯೇ ಉಳಿದ. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ ಈ ಗೋಡೆಯನ್ನು ಕೆಡವಿತು. ನಂಜನಗೂಡಿನ ಕಡೆಯ ಆಡುನುಡಿ ಅಲ್ಲಿ ಪಾತ್ರಗಳ ಬಾಯಿಂದ ಹೊರಟು ನಿರೂಪಣೆಗೇ ಬಂದಿತು. ಇದನ್ನು ಕನ್ನಡಕ್ಕೆ ಅನುವಾದಿಸಬೇಕೆಂಬ ಚೇಷ್ಟೆಯ ಮಾತೂ ಹುಟ್ಟಿತ್ತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನುಡಿ ನಗೆಯಿಂದ ಹೊರಟು ನಿರೂಪಕನ ಪೀಠವನ್ನು ಸೇರಲು ಸುಮಾರು ನೂರು ವರ್ಷ ಹಿಡಿಯಿತೆಂದಾಯಿತು.

ಇಷ್ಟನ್ನೆಲ್ಲ ತರಗತಿಯಲ್ಲಿ ಪಾಠ ಹೇಳುತ್ತಿದ್ದವನೇ ನಾನು. ಹಾಗಿದ್ದೂ ಆ ಹುಡುಗನ ಕತೆಯಲ್ಲಿ ಎರಡು ತಪ್ಪುಗಳನ್ನು ಮಾಡಿದೆ. ಸಂಭಾಷಣೆಯಲ್ಲಿ ನಾನು ಬದಲಾಯಿಸಿದ್ದು ಅಕ್ಷರಗಳನ್ನಷ್ಟೇ ಎಂದುಕೊಂಡಿದ್ದೆ. ದೊಡ್ಡ ಮನೆಯ ಒಡತಿಯನ್ನು ಆ ತಾಯಿ “ಅವ್ವ” ಎನ್ನುತ್ತಾಳೆ. ಅದರಲ್ಲಿ ಗೌರವವೂ ಉಂಟು, ಒಂದೇ ಊರಿನವರೆಂಬ ಸಲುಗೆಯೂ ಉಂಟು, ಹಕ್ಕೂ ಅಷ್ಟಿಷ್ಟು ಉಂಟು. “ತಾಯಿ” ಎಂದು ಮಾಡಿದೊಡನೆ ಅವಳು ಭಿಕ್ಷೆ ಬೇಡುವವಳಾದಳು. ಹುಡುಗನ ಕತೆಯಲ್ಲಿ ಒಡತಿಯೂ ಅದೇ ನುಡಿಯಲ್ಲಿ ಉತ್ತರ ಕೊಟ್ಟಿದ್ದಳೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದೇ ಬೀದಿಯ ಯಜಮಾನನಿಗೆ ಶುದ್ಧ ಕನ್ನಡವನ್ನೂ ಆಳಿಗೆ ಮುರುಕು ಕನ್ನಡವನ್ನೂ ಹಂಚುವ ಕತೆಗಾರರು ನಮ್ಮಲ್ಲಿ ಕಡಮೆಯೇನಿಲ್ಲ. ಸಿಕ್ಕ ಸಿಕ್ಕಲ್ಲೆಲ್ಲ ಹಕಾರವನ್ನು ಹಾರಿಸಿದ ಮಾತ್ರಕ್ಕೆ ಹಳ್ಳಿಯ ಮಾತಾಗುವುದಿಲ್ಲ. ಅದು ಬರಿಯ ಅಣಕವಾದೀತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಕಂಡದ್ದನ್ನು “ಬಂದಳು” ಎನ್ನುತ್ತೇವೆ; ಕೇಳಿದ್ದನ್ನು “ಬಂದಳಂತೆ” ಎನ್ನುತ್ತೇವೆ. ಸುದ್ದಿ ಹೇಳುವವನ ಪ್ರಾಮಾಣಿಕತೆಯನ್ನು ನಮ್ಮ ಭಾಷೆ ಎರಡಕ್ಷರದಲ್ಲಿ ಇಟ್ಟಿದೆ. ಅಜ್ಜಿಯ ಕತೆಯ ರಾಜ ಕೂಡ “ಇದ್ದನಂತೆ”. ನಾನು “ಅಂತೆ”ಯನ್ನು ಹೊಡೆದಾಗ, ಕೇಳಿ ಬರೆದ ಹುಡುಗನನ್ನು ಕಂಡು ಬರೆದವನನ್ನಾಗಿ ಮಾಡಿದೆ. ಸಂಜೆ ಬರಿಗೈಯಲ್ಲಿ ಬಂದು ಮಗನ ಮುಂದೆ ಕುಳಿತು ಹೇಳಿಕೊಂಡ ಆ ಹೆಂಗಸು ಕತೆಯಿಂದಲೇ ಮಾಯವಾದಳು. ಅವಳು ತನ್ನನ್ನು ಗುರುತಿಸದೆ ಹೋದುದರಲ್ಲಿ ಆಶ್ಚರ್ಯವೇನು?

ಈಗ ಯಾರಾದರೂ ವಿದ್ಯಾರ್ಥಿ ಕತೆ ತಂದರೆ ಮೊದಲು ಗಟ್ಟಿಯಾಗಿ ಓದಲು ಹೇಳುತ್ತೇನೆ. ಓದುತ್ತ ಎಲ್ಲಿ ನಾಲಗೆ ತಡವರಿಸುತ್ತದೆಯೋ ಅಲ್ಲಿ ನಿಲ್ಲಿಸಿ, “ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತಾರೆ?” ಎಂದು ಕೇಳುತ್ತೇನೆ. ಆಮೇಲೆ ಇನ್ನೊಂದು ಪ್ರಶ್ನೆ: “ಇದು ನೀನು ಕಂಡದ್ದೋ, ಕೇಳಿದ್ದೋ?” ಕೆಂಪು ಶಾಯಿಯ ಪೆನ್ನನ್ನು ತೆರೆಯುವುದು ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲೆ. ಆ ಹುಡುಗನ ಹಸ್ತಪ್ರತಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ನಾನು ಎಳೆದ ಗೀಟಿನ ಕೆಳಗೆ “ಒಸಿ ರಾಗಿ ಕೊಡ್ರವ್ವ” ಎಂಬುದು ಈಗಲೂ ಓದಲು ಬರುತ್ತದೆ.