ಬರದ ಹೆಸರಿನ ದುಡ್ಡು ಕಾಬೂಲಿಗೆ ಹೋದದ್ದು

ನಾನು ಸಣ್ಣವನಿದ್ದಾಗ ಊಟಕ್ಕೆ ಕೂತಲ್ಲಿ ರೊಟ್ಟಿ ಚೂರು ಕೆಳಗೆ ಬಿದ್ದರೆ ನಮ್ಮ ಅಜ್ಜಿ ಸುಮ್ಮನಿರುತ್ತಿರಲಿಲ್ಲ. "ಧಾತು ಬರ ಕಂಡೋರ ಮನಿ ಐತಪಾ ಇದು. ಎತ್ತಿ ತಿನ್ನು" ಅನ್ನೋಳು. ಆ ಬರವನ್ನು ಕಂಡವಳು ಅಜ್ಜಿಯಲ್ಲ, ಅವಳ ಅಜ್ಜಿ. ಆದರೂ ಮಾತು ಮನೆಯಲ್ಲಿ ಉಳಿದಿತ್ತು. ಮುಂದೆ ನಾನು ಮೇಷ್ಟ್ರಾಗಿ ಮಕ್ಕಳಿಗೆ ಚರಿತ್ರೆ ಹೇಳುವಾಗ, ಆ ಬರಕ್ಕೂ ಎಲ್ಲೋ ದೂರದ ಕಾಬೂಲಿನ ಯುದ್ಧಕ್ಕೂ ಒಂದು ಗಂಟು ಇದೆ ಅಂತ ತಿಳಿಯಿತು. ಅದನ್ನು ನಮ್ಮ ವಾಚನಾಲಯದ ಓದುಗರಿಗೆ ಬಿಡಿಸಿ ಹೇಳಬೇಕೆಂದು ಈ ಲೇಖನ.

ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 1878. ಆಗ ನಮ್ಮ ಆದವಾನಿ ಸೀಮೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಳೆ ಕೈಕೊಟ್ಟಿತು. ಜೋಳ, ನವಣೆ ಒಣಗಿದವು. ದನಗಳು ಸತ್ತವು, ಆಮೇಲೆ ಜನ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊತ್ತ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಕೂಲಿ ಕಟ್ಟಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಮ್ಮಿ. 1871ರ ಜನಗಣತಿಗೆ 1881ರದ್ದನ್ನು ಹೋಲಿಸಿದರೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ಇಂಥ ಬರ ಮತ್ತೆ ಬಂದರೆ ಕೈಯಲ್ಲಿ ದುಡ್ಡಿರಬೇಕು ಅಂತ ವೈಸರಾಯ್ ಲಿಟ್ಟನ್ನನ ಸರ್ಕಾರ ಒಂದು ಯೋಜನೆ ಹಾಕಿತು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಬರಕ್ಕಾಗಿ ತೆಗೆದಿಡಬೇಕು. ಅದಕ್ಕೆ ಹೊಸ ತೆರಿಗೆ ಎತ್ತಬೇಕು. ಹಾಗೆ 1878ರಲ್ಲಿ ವ್ಯಾಪಾರ, ಕಸುಬು ಮಾಡುವವರ ಮೇಲೆ ಲೈಸೆನ್ಸ್ ತೆರಿಗೆ ಬಂತು. ಈ ದುಡ್ಡು ಬರಕ್ಕೆ ಬಿಟ್ಟು ಬೇರೆಯದಕ್ಕೆ ಹೋಗುವುದಿಲ್ಲ ಅಂತ ಸರ್ಕಾರವೇ ಮಾತು ಕೊಟ್ಟಿತು. ಆದರೆ ಅದಕ್ಕೆ ಬೇರೆ ಪೆಟ್ಟಿಗೆ ಇರಲಿಲ್ಲ. ಎತ್ತಿದ್ದೆಲ್ಲ ಬಂದು ಬಿದ್ದದ್ದು ಅದೇ ದೊಡ್ಡ ಖಜಾನೆಗೆ.

ಅದೇ ವರ್ಷ ನವೆಂಬರ್ 21ರಂದು ಬ್ರಿಟಿಷರ ದಂಡು ಅಫ್ಘಾನಿಸ್ತಾನದೊಳಗೆ ನುಗ್ಗಿತು. ಕಾಬೂಲಿನ ಅಮೀರ ಶೇರ್ ಅಲಿ ರಷ್ಯದ ದೂತರನ್ನು ಒಳಗೆ ಬಿಟ್ಟುಕೊಂಡ, ಬ್ರಿಟಿಷರ ದೂತರನ್ನು ತಡೆದ ಎಂಬುದು ಕಾರಣ. ಬ್ರಿಟನ್ನಿಗೂ ರಷ್ಯಕ್ಕೂ ಇದ್ದ ಪೈಪೋಟಿಯ ಜಗಳ ಅದು.

ಈಗ ಕಾನೂನಿನ ಮಾತು. ಕಂಪನಿ ಸರ್ಕಾರ ಹೋಗಿ ರಾಣಿಯ ಆಳ್ವಿಕೆ ಬಂದಾಗ, 1858ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಹಿಂದುಸ್ತಾನದ ಆಡಳಿತಕ್ಕೆ ಒಂದು ಕಾಯ್ದೆ ಮಾಡಿತ್ತು. ಅದರ 55ನೇ ಕಲಮು ಹೇಳುವುದೇನೆಂದರೆ: ದೇಶದ ಮೇಲೆ ದಾಳಿಯಾದಾಗ ಅಥವಾ ದಿಢೀರನೆ ತುರ್ತು ಬಂದಾಗ ಬಿಟ್ಟರೆ, ಗಡಿಯಾಚೆಯ ಯುದ್ಧಕ್ಕೆ ಹಿಂದುಸ್ತಾನದ ಆದಾಯವನ್ನು ಪಾರ್ಲಿಮೆಂಟಿನ ಎರಡೂ ಸದನಗಳ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಓದಲಿಕ್ಕೆ ಬಹಳ ಚೆನ್ನಾಗಿದೆ. ನಾನು ಮೊದಲು ಓದಿದಾಗ, ಪರವಾಗಿಲ್ಲ, ನಮ್ಮ ದುಡ್ಡಿಗೆ ಬೀಗ ಹಾಕಿಯೇ ಇಟ್ಟಿದ್ದಾರಲ್ಲ ಅಂದುಕೊಂಡೆ.

ಬೀಗವೇನೋ ಇತ್ತು. ಕೀಲಿ ಲಂಡನ್ನಿನಲ್ಲಿತ್ತು. ಯುದ್ಧ ಶುರುವಾಗಿ ಎರಡು ವಾರ ಕಳೆದ ಮೇಲೆ, ಡಿಸೆಂಬರಿನಲ್ಲಿ ಪಾರ್ಲಿಮೆಂಟು ಸೇರಿತು. ದಂಡು ಆಗಲೇ ಗಡಿ ದಾಟಿ ಕಣಿವೆಗಳಲ್ಲಿ ಕಾದುತ್ತಿತ್ತು. ಖರ್ಚನ್ನು ಹಿಂದುಸ್ತಾನದ ಆದಾಯದಿಂದ ಕೊಡಲು ಒಪ್ಪಿಗೆ ಕೊಡಿ ಅಂತ ಮಂತ್ರಿಗಳು ಕೇಳಿದರು.

ಆಗ ಎದ್ದು ನಿಂತವನು ಹೆನ್ರಿ ಫಾಸೆಟ್. ಈತ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್. ಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎರಡೂ ಕಣ್ಣು ಕಳಕೊಂಡವನು. ಹಿಂದುಸ್ತಾನದ ಲೆಕ್ಕಪತ್ರವನ್ನು ಬೇರೆಯವರಿಂದ ಓದಿಸಿ ಕೇಳಿ, ಸದನದಲ್ಲಿ ಪ್ರಶ್ನೆ ಹಾಕುತ್ತಿದ್ದ. ಅದಕ್ಕೇ ಜನ ಇವನನ್ನು 'ಹಿಂದುಸ್ತಾನದ ಸದಸ್ಯ' ಎಂದೇ ಕರೆದರು. ಈ ಯುದ್ಧದ ಹೆಚ್ಚಿನ ಖರ್ಚನ್ನು ಹಿಂದುಸ್ತಾನದ ಮೇಲೆ ಹೊರಿಸುವುದು ಅನ್ಯಾಯ ಎಂದು ತಿದ್ದುಪಡಿ ತಂದ. ಮತಕ್ಕೆ ಹಾಕಿದರು, ಸೋತ. ಸೋಲದೆ ಏನು ಮಾಡಿಯಾನು? ಕೈ ಎತ್ತಿದವರು ತಮ್ಮ ಮತದಾರರ ತೆರಿಗೆ ಉಳಿಸುತ್ತಿದ್ದರು. ತೆರಿಗೆ ಕೊಡುವ ನಮ್ಮ ಕಡೆಯವನು ಆ ಸದನದಲ್ಲಿ ಒಬ್ಬನೂ ಇರಲಿಲ್ಲ. ದಾದಾಭಾಯಿ ನೌರೋಜಿ ಅಲ್ಲಿಗೆ ಆರಿಸಿ ಹೋದದ್ದು 1892ರಲ್ಲಿ.

ಮುಂದಿನದು ಇನ್ನೂ ಕೆಟ್ಟದ್ದು. 1879–80ರಲ್ಲಿ ಕೈ ಬಿಗಿಯಾಯಿತೆಂದು ಬರದ ಆ ಒಂದೂವರೆ ಕೋಟಿಯನ್ನು ನಿಲ್ಲಿಸಿಬಿಟ್ಟರು. ಎತ್ತುವ ತೆರಿಗೆ ಮಾತ್ರ ನಿಲ್ಲಲಿಲ್ಲ. ಯುದ್ಧದ ಖರ್ಚು ಸುಮಾರು 60 ಲಕ್ಷ ಪೌಂಡು ಎಂದು 1880ರ ಆರಂಭದಲ್ಲಿ ಹೇಳಿದ್ದರು. ಆದರೆ ಸೇನೆಯವರು ಖಜಾನೆಗಳಿಂದ ಎತ್ತಿದ ಹಣಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆಯೇ ಇರಲಿಲ್ಲ. ಕೊನೆಗೆ ನೋಡಿದರೆ ಒಂದೂವರೆ ಕೋಟಿ ಪೌಂಡಿಗೂ ಮೀರಿತ್ತು. ಆಗಿನ ಸರ್ಕಾರಿ ಲೆಕ್ಕದಲ್ಲಿ ಪೌಂಡಿಗೆ ಹತ್ತು ರೂಪಾಯಿ ಹಿಡಿದರೆ, ಹದಿನೈದು ಕೋಟಿ ರೂಪಾಯಿ. ಅಂದರೆ ಹತ್ತು ವರ್ಷದ ಬರದ ದುಡ್ಡು! ಲಂಡನ್ನಿನಲ್ಲಿ ಸರ್ಕಾರ ಬದಲಾಗಿ ಗ್ಲ್ಯಾಡ್‌ಸ್ಟನ್ ಬಂದ ಮೇಲೆ 50 ಲಕ್ಷ ಪೌಂಡು ಕೊಟ್ಟರು. ಬರದ ಹಣವನ್ನೂ ಆಮೇಲೆ ಮತ್ತೆ ತೆಗೆದಿಡತೊಡಗಿದರು. ಯುದ್ಧದ ಉಳಿದ ಭಾರ ಮಾತ್ರ ಇಲ್ಲಿಯವರ ಹೆಗಲಿಗೇ ಬಂತು.

ಇದು ಒಂದು ಸಲದ ಮಾತಾಗಿದ್ದರೆ ಮರೆಯಬಹುದಿತ್ತು. 1896ರಲ್ಲಿ ಇಲ್ಲಿಯ ಪಡೆಯನ್ನು ಕೆಂಪು ಸಮುದ್ರದ ಸುವಾಕಿನ್ ಬಂದರಿಗೆ ಕಳಿಸಿದರು. ಪಡೆಯ ಸಾಮಾನ್ಯ ಸಂಬಳ ಹಿಂದುಸ್ತಾನವೇ ಕೊಡಲಿ ಎಂದಾಗ ವೈಸರಾಯನ ಸರ್ಕಾರವೇ ಬೇಡವೆಂದಿತು. ಆದರೂ ಪಾರ್ಲಿಮೆಂಟು ಒಪ್ಪಿಗೆ ಒತ್ತಿತು. 1919ರ ಕಾಯ್ದೆಯಿಂದ ದಿಲ್ಲಿಯಲ್ಲಿ ನಮ್ಮವರು ಆರಿಸಿ ಬಂದು ಕೂತ ಶಾಸನಸಭೆ ಆಯಿತು ನಿಜ, ಆದರೆ ಸೇನೆಯ ಖರ್ಚನ್ನು ಅದರ ಮತಕ್ಕೆ ಹಾಕದಂತೆ ಹೊರಗಿಟ್ಟರು. 1939ರಲ್ಲಿ ಆ ಸಭೆಯನ್ನು ಒಂದು ಮಾತೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ನಮ್ಮನ್ನು ಯುದ್ಧಕ್ಕೆ ಇಳಿಸಿದ. ಅದನ್ನು ವಿರೋಧಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು.

ಇದನ್ನೆಲ್ಲ ಕಂಡವರೇ ನಮ್ಮ ಸಂವಿಧಾನ ಬರೆದರು. ಸೇನೆಗೆ ಬೇಕಾದ ಹಣವೂ ಲೋಕಸಭೆಯ ಮತಕ್ಕೆ ಬರಬೇಕು. 114ನೇ ವಿಧಿಯಂತೆ, ಕಾನೂನು ಮಾಡಿ ಮಂಜೂರು ಮಾಡದೆ ಸಂಚಿತ ನಿಧಿಯಿಂದ ಒಂದು ಪೈಸೆ ತೆಗೆಯುವಂತಿಲ್ಲ. ಆಂಧ್ರಕ್ಕೆ ಸೇರಿದ ನಾವು, ಕರ್ನಾಟಕದಲ್ಲಿ ಉಳಿದ ಬಳ್ಳಾರಿಯವರು, ಎಲ್ಲರಿಗೂ ಅಲ್ಲಿ ಒಬ್ಬ ಸದಸ್ಯ ಇದ್ದಾನೆ. ಕೀಲಿ ಈಗ ನಮ್ಮ ಕೈಗೇ ಬಂದಿದೆ.

ಹಾಗಂತ ನಿಶ್ಚಿಂತೆಯಾಗಿ ಕೂರುವಂತಿಲ್ಲ. ಪಡೆಯನ್ನು ಹೊರದೇಶಕ್ಕೆ ಕಳಿಸುವ ಮೊದಲು ಸಂಸತ್ತನ್ನು ಕೇಳಲೇಬೇಕು ಅಂತ ನಮ್ಮ ಸಂವಿಧಾನದಲ್ಲಿ ಬರೆದಿಲ್ಲ. 1987ರಲ್ಲಿ ಒಪ್ಪಂದಕ್ಕೆ ಸಹಿಯಾದ ಕೂಡಲೇ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. 1990ರಲ್ಲಿ ಅದು ವಾಪಸು ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ತೀರಿಕೊಂಡಿದ್ದರು. ಇನ್ನು ಬಜೆಟ್ ಕಾಲದಲ್ಲಿ ವೇಳೆ ಸಾಲದೆ ಎಷ್ಟೋ ಇಲಾಖೆಗಳ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಸೈನಿಕನಿಗೆ ಸಂಬಳ, ಬೂಟು, ಬಂದೂಕು ಬೇಕೇ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಕೇಳುವವರು ಕೇಳಬೇಕು ಅನ್ನುವುದಷ್ಟೇ ನನ್ನ ಮಾತು.

ನಮ್ಮೂರಲ್ಲಿ ಒಮ್ಮೆ ಕೆರೆ ಹೂಳೆತ್ತಲು ಮನೆಮನೆಗೆ ಪಟ್ಟಿ ಎತ್ತಿದರು. ಹೂಳು ಇದ್ದಲ್ಲೇ ಇತ್ತು, ದುಡ್ಡು ಬೇರೆ ಯಾವುದಕ್ಕೋ ಖರ್ಚಾಗಿತ್ತು. ಪಂಚರೆಲ್ಲ ಕೂತಿದ್ದ ಕಟ್ಟೆಯ ಮುಂದೆ ನಮ್ಮ ಅಜ್ಜಿ ಸೆರಗು ಸಿಕ್ಕಿಸಿ ನಿಂತು, "ಎದಕ್ಕ ಎತ್ತಿದ್ರಪಾ, ಎದಕ್ಕ ಖರ್ಚು ಮಾಡಿದ್ರಿ?" ಅಂತ ಕೇಳಿದಳು. ಒಂದಕ್ಷರ ಓದಿದವಳಲ್ಲ. ಮುಂದಿನ ಬೇಸಿಗೆಗೆ ಹೂಳು ಎತ್ತಿದರು. ಪ್ರತಿ ಬಜೆಟ್ಟಿಗೂ ಯಾವುದು ಅಗ್ಗ, ಯಾವುದು ತುಟ್ಟಿ ಎಂದಷ್ಟೇ ನೋಡಿ ಪೇಪರು ಮಡಚಿಡುವ ನಮ್ಮಂಥ ಓದಿದವರು, ಮತ ಕೇಳಲು ಬಂದ ಸದಸ್ಯನಿಗೆ ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಬೇಕು. ಮೇಷ್ಟ್ರುಗಳು ಮಕ್ಕಳಿಗೂ ಕಲಿಸಬೇಕು.