ಅಂಗಡಿಗೆ ಕೆಲಸದೋರು ಬೇಕಾ? ಫೋನಿಗೇ ಸುದ್ದಿ ಬರುವಂತೆ ‘ಅಲರ್ಟ್’ ಇಡೋದು ಹೀಗೆ

ಮೆಡಿಕಲ್ ಸ್ಟೋರಿಗೆ ಫಾರ್ಮಾಸಿಸ್ಟ್ ಬೇಕು, ಗೊಬ್ಬರದ ಅಂಗಡಿಗೆ ಟ್ಯಾಲಿ ಗೊತ್ತಿರೋರು ಬೇಕು, ಲಾಡ್ಜ್‌ಗೆ ರಿಸೆಪ್ಷನಿಸ್ಟ್ ಬೇಕು. ಬಾಗಿಲಿಗೆ ಬೋರ್ಡ್ ಹಾಕಿ, ನಾಲ್ಕು ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಿಟ್ಟರೂ ಸರಿಯಾದವರು ಸಿಗದೆ ತಿಂಗಳು ಕಳೆಯುತ್ತೆ. ಅದೇ ಹೊತ್ತಿಗೆ ಅದೇ ತಾಲೂಕಿನ ಹುಡುಗರು ಮೊಬೈಲಿನಲ್ಲಿ ಬಯೋಡೇಟಾ ಹಾಕಿ ಬೆಂಗಳೂರಿನ ಫೋನ್‌ಗೆ ಕಾಯುತ್ತಿರುತ್ತಾರೆ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯಲ್ಲ. ನೇಮಕಾತಿ ಸಾಫ್ಟ್‌ವೇರ್‌ಗಳಲ್ಲಿರುವ ‘ಅಲರ್ಟ್’ ಇಂಥ ಕಡೆ ಉಪಯೋಗಕ್ಕೆ ಬರುತ್ತೆ.

ಅಲರ್ಟ್ ಅಂದ್ರೆ ಏನು?

ನೀವು ಒಂದು ಸಲ ಹುಡುಕಿದ್ದನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಂಡು, ದಿನಾ ತಾನೇ ಹುಡುಕಿ, ಹೊಸಬರು ಸಿಕ್ಕರೆ ಇಮೇಲ್‌ಗೋ ಫೋನ್‌ಗೋ ತಿಳಿಸುವ ವ್ಯವಸ್ಥೆ ಇದು. ಅದಕ್ಕೆ ಸ್ವಂತ ಬುದ್ಧಿ ಇದೆ ಅಂದುಕೊಳ್ಳಬೇಡಿ. ನೀವು ಕೊಟ್ಟ ಪದ ತಪ್ಪಾದರೆ ದಿನಾ ಅದೇ ತಪ್ಪನ್ನೇ ಹುಡುಕುತ್ತೆ.

ಎಲ್ಲಿ ಸಿಗುತ್ತೆ?

ಕೇಂದ್ರ ಕಾರ್ಮಿಕ ಇಲಾಖೆಯ ನ್ಯಾಷನಲ್ ಕೆರಿಯರ್ ಸರ್ವಿಸ್ (ಎನ್‌ಸಿಎಸ್) 2015ರ ಜುಲೈನಲ್ಲಿ ಶುರುವಾಯ್ತು. ಇಲ್ಲಿ ಮಾಲೀಕರು ಹೆಸರು ನೋಂದಾಯಿಸಿ ಕೆಲಸದ ವಿವರ ಹಾಕೋದು ಉಚಿತ. ಕೌಶಲ್ಯಾಭಿವೃದ್ಧಿ ನಿಗಮದ ‘ಸ್ಕಿಲ್ ಕನೆಕ್ಟ್’ ರಾಜ್ಯ ಸರ್ಕಾರದ್ದು. ಮೊದಲು ಈ ಎರಡನ್ನು ನೋಡಿ.

ನೌಕರಿ ಡಾಟ್ ಕಾಮ್‌ನ ‘ರೆಸ್‌ಡೆಕ್ಸ್’, ಲಿಂಕ್ಡ್‌ಇನ್‌ನ ‘ರಿಕ್ರೂಟರ್’ ಥರದವು ದುಡ್ಡು ಕಟ್ಟುವಂಥವು. ಹುಡುಕಾಟವನ್ನು ಸೇವ್ ಮಾಡಿ ಅಲರ್ಟ್ ಇಡೋ ಸೌಲಭ್ಯ ಹೆಚ್ಚಾಗಿ ಇಂಥವುಗಳಲ್ಲೇ ಸಿಗೋದು. ಒಂದೇ ಒಂದು ಕೆಲಸಕ್ಕೆ ವರ್ಷದ ಪ್ಲಾನ್ ತಗೊಳ್ಳಬೇಡಿ. ದುಡ್ಡು ಕಟ್ಟುವ ಮೊದಲೇ ‘ನಮ್ಮ ತಾಲೂಕಿನವರು ಎಷ್ಟು ಜನ ಇದ್ದಾರೆ, ತೋರಿಸಿ’ ಅಂತ ಡೆಮೊ ಕೇಳಿ.

ಇಡೋದು ಹೇಗೆ?

1. ನಿಮ್ಮದೇ ಇಮೇಲ್ ಕೊಡಿ. ಕಂಪ್ಯೂಟರ್ ಸೆಂಟರಿನಲ್ಲಿ ಖಾತೆ ಮಾಡಿಸುವಾಗ ಅವರ ಇಮೇಲ್ ಹಾಕಿಬಿಟ್ಟರೆ ಅಲರ್ಟ್ ಎಲ್ಲಾ ಅಲ್ಲಿಗೇ ಹೋಗುತ್ತೆ.

2. ಮೊದಲು ಕೈಯಿಂದ ಹುಡುಕಿ. ಕೆಲಸ, ಊರು, ಅನುಭವ ಹಾಕಿ ಬಂದ ಪಟ್ಟಿಯ ಮೊದಲ ಇಪ್ಪತ್ತು ಜನರನ್ನು ಓದಿ. ಅರ್ಧ ಜನವೂ ನಿಮಗೆ ಆಗದಿದ್ದರೆ ಪದ ಬದಲಿಸಿ.

3. ಪಟ್ಟಿ ಸರಿ ಅನಿಸಿದ ಮೇಲೆ ‘ಸೇವ್ ಸರ್ಚ್’ ಒತ್ತಿ, ‘ನಾಗಮಂಗಲ ಫಾರ್ಮಾಸಿಸ್ಟ್’ ಅಂತ ಗುರುತಾಗುವ ಹೆಸರು ಕೊಡಿ.

4. ಅಲರ್ಟ್ ಆನ್ ಮಾಡಿ, ದಿನಕ್ಕೊಂದು ಸಲ ಅಂತ ಇಡಿ. ಅಂಗಡಿಗೆ ಅಷ್ಟು ಸಾಕು.

5. ಅಲರ್ಟ್‌ನಲ್ಲಿ ಬರೋದು ಹೊಸದಾಗಿ ಸೇರಿದವರು, ಪ್ರೊಫೈಲ್ ಬದಲಿಸಿದವರು ಮಾತ್ರ. ಅದಕ್ಕೇ ಇವತ್ತು ಕಾಣುವ ಹಳೇ ಪಟ್ಟಿಯವರಿಗೆ ಇವತ್ತೇ ಫೋನ್ ಮಾಡಿ.

ಊರಿನ ಹೆಸರಲ್ಲೇ ಇದೆ ತೊಡಕು

ನಮ್ಮ ನಾಲ್ಕು ತಾಲೂಕಿನವರು ಹೆಚ್ಚು ಎಡವೋದು ಇಲ್ಲೇ. ಬಯೋಡೇಟಾ ಇರೋದು ಇಂಗ್ಲಿಷಿನಲ್ಲಿ. ಶ್ರೀರಂಗಪಟ್ಟಣಕ್ಕೆ ಒಬ್ಬರು ಒಂದು ‘ಟಿ’ ಹಾಕಿದರೆ ಇನ್ನೊಬ್ಬರು ಎರಡು ಹಾಕ್ತಾರೆ, ಕೊನೆಗೆ ‘ಎಂ’ ಸೇರಿಸೋರೂ ಇದ್ದಾರೆ. ಕೆ.ಆರ್. ಪೇಟೆಯನ್ನು ಕೆಲವರು ಕೃಷ್ಣರಾಜಪೇಟೆ ಅಂತ ಪೂರ್ತಿ ಬರೀತಾರೆ. ಬರೀ ‘ಕೆ.ಆರ್.’ ಅಂತ ಹುಡುಕಿದರೆ ಬೆಂಗಳೂರಿನ ಕೆ.ಆರ್. ಪುರ, ಮೈಸೂರು ಜಿಲ್ಲೆಯ ಕೆ.ಆರ್. ನಗರದವರೂ ಬಂದು ಸೇರ್ತಾರೆ.

ಇದಕ್ಕೆ ಮೂರು ಉಪಾಯ ಇವೆ. ಹೆಸರಿನ ಎಲ್ಲಾ ಕಾಗುಣಿತವನ್ನೂ ಬರೆದು ನಡುವೆ ‘ಅಥವಾ’ ಅನ್ನೋ ಅರ್ಥದ ಇಂಗ್ಲಿಷಿನ ‘ಆರ್’ ಪದವನ್ನು ದೊಡ್ಡಕ್ಷರದಲ್ಲಿ ಹಾಕಿ. ಪಿನ್‌ಕೋಡ್ ಹಾಕುವ ಜಾಗ ಇದ್ದರೆ ಅದನ್ನೂ ಬಳಸಿ: ಶ್ರೀರಂಗಪಟ್ಟಣ 571438, ಪಾಂಡವಪುರ 571434, ಕೆ.ಆರ್. ಪೇಟೆ 571426, ನಾಗಮಂಗಲ 571432. ಹಳ್ಳಿಗಳ ಪಿನ್ ಬೇರೆ ಇರಬಹುದು, ಹಾಗಾಗಿ ಇದೊಂದನ್ನೇ ನಂಬಬೇಡಿ. ಊರಿನ ಪಟ್ಟಿಯಲ್ಲಿ ತಾಲೂಕಿನ ಹೆಸರೇ ಇಲ್ಲದಿದ್ದರೆ ‘ಮಂಡ್ಯ’ ಆಯ್ಕೆ ಮಾಡಿ, ತಾಲೂಕಿನ ಹೆಸರನ್ನು ಕೀವರ್ಡ್ ಜಾಗದಲ್ಲಿ ಹಾಕಿ.

‘ಇಷ್ಟು ಕಿಲೋಮೀಟರ್ ಒಳಗೆ’ ಅನ್ನೋ ಆಯ್ಕೆಯಲ್ಲೂ ಹುಷಾರು. ಶ್ರೀರಂಗಪಟ್ಟಣದಿಂದ 25 ಕಿ.ಮೀ. ಅಂದ್ರೆ ಇಡೀ ಮೈಸೂರು ಸೇರಿಕೊಂಡು ಅಲರ್ಟ್ ರಾಶಿ ಬೀಳುತ್ತೆ. ನಾಗಮಂಗಲ, ಕೆ.ಆರ್. ಪೇಟೆಗೆ ಅಷ್ಟೇ ದೂರ ಇಟ್ಟರೆ ಹತ್ತಿರದಲ್ಲಿ ಅಂಥ ದೊಡ್ಡ ನಗರ ಇಲ್ಲ, ಒಂದೂ ಬರದೆ ಇರಬಹುದು.

ಊರಿಗೆ ವಾಪಸ್ ಬರೋರನ್ನ ಬಿಡಬೇಡಿ

ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿ ಸಾಕಾಗಿ, ಮನೆ ಹತ್ತಿರ ಕೆಲಸ ಸಿಕ್ಕರೆ ಬರ್ತೀನಿ ಅನ್ನೋರು ಇರ್ತಾರೆ. ಆದರೆ ಅವರ ಪ್ರೊಫೈಲಿನಲ್ಲಿ ಈಗಿರುವ ಊರು ‘ಬೆಂಗಳೂರು’ ಅಂತಲೇ ಇರುತ್ತೆ. ನಿಮ್ಮ ಅಲರ್ಟ್‌ಗೆ ಅವರು ಸಿಕ್ಕೋದೇ ಇಲ್ಲ. ಅದಕ್ಕೆ ಎರಡನೇ ಅಲರ್ಟ್ ಇಡಿ: ಈಗಿರುವ ಊರು ಬೆಂಗಳೂರು ಅಥವಾ ಮೈಸೂರು, ಸ್ವಂತ ಊರು ಇಲ್ಲವೇ ಇಷ್ಟಪಡುವ ಕೆಲಸದ ಜಾಗ ಮಂಡ್ಯ.

ಕೆಲಸಕ್ಕೂ ಹತ್ತು ಹೆಸರು

ಲೆಕ್ಕ ಬರೆಯೋರು ಬೇಕಿದ್ದರೆ ಅಕೌಂಟೆಂಟ್, ಟ್ಯಾಲಿ, ಬಿಲ್ಲಿಂಗ್, ಜಿಎಸ್‌ಟಿ ನಾಲ್ಕನ್ನೂ ಹಾಕಿ. ಮೆಡಿಕಲ್ ಸ್ಟೋರಿನವರು ಡಿ.ಫಾರ್ಮಾ, ಬಿ.ಫಾರ್ಮಾ ಎರಡನ್ನೂ ಚುಕ್ಕೆ ಇಟ್ಟು, ಬಿಟ್ಟು ಹುಡುಕಿ. ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲೇ ಆದಿಚುಂಚನಗಿರಿ ಫಾರ್ಮಸಿ ಕಾಲೇಜಿದೆ. ಆ ಕಾಲೇಜಿನ ಹೆಸರನ್ನೂ ಕೀವರ್ಡ್ ಮಾಡಬಹುದು. ಡಿಗ್ರಿ ಇದ್ದ ಮಾತ್ರಕ್ಕೆ ಸಾಲದು. 1948ರ ಫಾರ್ಮಸಿ ಕಾಯ್ದೆ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡೋರು ನೋಂದಾಯಿತ ಫಾರ್ಮಾಸಿಸ್ಟ್ ಆಗಿರಬೇಕು. ನೋಂದಣಿ ಪತ್ರ ನೋಡಿಯೇ ಮಾತು ಮುಂದುವರಿಸಿ.

ಅಲರ್ಟ್ ಬರ್ತಿಲ್ವಾ?

ಜಿಮೇಲ್‌ನ ಸ್ಪ್ಯಾಮ್, ಪ್ರಮೋಷನ್ಸ್ ಡಬ್ಬ ನೋಡಿ. ಅಲ್ಲೂ ಇಲ್ಲದಿದ್ದರೆ ಸಂಬಳ, ವಯಸ್ಸು, ಅನುಭವದ ಷರತ್ತನ್ನು ಒಂದೊಂದಾಗಿ ತೆಗೆದು ನೋಡಿ. ಸಂಬಳದ ಜಾಗ ಖಾಲಿ ಬಿಟ್ಟವರನ್ನು ಸಾಫ್ಟ್‌ವೇರ್ ಪಟ್ಟಿಯಿಂದಲೇ ಬಿಟ್ಟಿರಬಹುದು. ಅಲರ್ಟ್ ಬಂದ ದಿನವೇ ಫೋನ್ ಮಾಡಿ. ಅದೇ ಹೆಸರು ಮೈಸೂರಿನ ಕಂಪನಿಗೂ ಹೋಗಿರುತ್ತೆ. ಮೊದಲ ಮಾತಿನಲ್ಲೇ ಸಂಬಳ, ಕೆಲಸದ ಹೊತ್ತು, ರಜೆ ಹೇಳಿಬಿಡಿ. ಕೆಲಸದೋರು ಸಿಕ್ಕ ಮೇಲೆ ಅಲರ್ಟ್ ಆಫ್ ಮಾಡಿ. ಬಂದ ಫೋನ್ ನಂಬರ್‌ಗಳನ್ನು ಗ್ರೂಪುಗಳಿಗೆ ಹಂಚಬೇಡಿ.

ಲೋಡ್ ಇಳಿಸೋರು, ಅಡುಗೆ ಸಹಾಯಕರು, ದಿನಗೂಲಿಯವರು ಇಂಥ ಕಡೆ ಬಯೋಡೇಟಾ ಹಾಕೋದು ಕಡಿಮೆ. ಅವರಿಗೆ ಬಾಗಿಲ ಬೋರ್ಡು, ಬಾಯಿಮಾತೇ ದಾರಿ. ಅಲರ್ಟ್ ಇಟ್ಟಿದ್ದೀವಿ ಅಂತ ಬೋರ್ಡ್ ತೆಗೀಬೇಡಿ.

ಕೆಲಸ ಹುಡುಕೋರಿಗೆ

ಪ್ರೊಫೈಲಿನಲ್ಲಿ ತಾಲೂಕಿನ ಹೆಸರು, ಪಿನ್‌ಕೋಡ್, ಜಿಲ್ಲೆ ಮೂರನ್ನೂ ಬರೆಯಿರಿ. ಊರಲ್ಲೇ ಕೆಲಸ ಮಾಡಲು ತಯಾರಿದ್ದರೆ ಇಷ್ಟಪಡುವ ಜಾಗದಲ್ಲಿ ಮಂಡ್ಯ ಸೇರಿಸಿ. ತಿಂಗಳಿಗೊಮ್ಮೆಯಾದರೂ ಪ್ರೊಫೈಲ್ ತೆರೆದು ಅಪ್‌ಡೇಟ್ ಮಾಡಿ, ಆಗ ಮಾಲೀಕರ ಅಲರ್ಟ್‌ನಲ್ಲಿ ಮತ್ತೆ ಹೆಸರು ಬರುವ ಸಾಧ್ಯತೆ ಇರುತ್ತೆ. ‘ನೋಂದಣಿ ಫೀಸ್’, ‘ಟ್ರೈನಿಂಗ್ ಡಿಪಾಸಿಟ್’ ಅಂತ ಮುಂಗಡ ದುಡ್ಡು ಕೇಳಿದರೆ ಕೊಡಬೇಡಿ, ಓಟಿಪಿ ಹೇಳಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.