ತುಲಾ ತಿಂಗಳ ಅತಿಥಿಗಳು

ದೆವ್ವದ ಕಥೆ ಕೇಳಲು ತಕ್ಕ ಕಾಲ, ತಕ್ಕ ಊರು ಬೇಕೆನ್ನುವುದಾದರೆ ತುಲಾ ಮಾಸದ ಮಡಿಕೇರಿಗಿಂತ ಒಳ್ಳೆಯದು ಸಿಕ್ಕುವುದು ಕಷ್ಟ. ಮಳೆಗಾಲ ಮುಗಿದಂತೆ ತೋರಿಸಿ ಮುಗಿಯದೆ ಉಳಿದಿರುತ್ತದೆ. ಸಂಜೆಯಾದರೆ ಮಂಜು ರಸ್ತೆಗೆ ಇಳಿದು, ಎದುರು ಮನೆಯಲ್ಲಿ ದೀಪ ಹಚ್ಚಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಕರೆಂಟೂ ಹೋದರೆ ಕೇಳುವುದೇ ಬೇಡ. ಮದುವೆಯಾಗಿ ಬಯಲುಸೀಮೆಯಿಂದ ಬಂದ ನನಗೆ ಮೊದಲ ವರ್ಷ ಹಂಚಿನ ಮೇಲೆ ಬಿದ್ದ ಒಣಕೊಂಬೆಯ ಸದ್ದಿಗೂ ಎದೆ ಹಾರುತ್ತಿತ್ತು. ಈಗ ಊರು ಅಭ್ಯಾಸವಾಗಿದೆ. ಭಯದ ಬಗ್ಗೆ ಕುತೂಹಲ ಮಾತ್ರ ಹಾಗೆಯೇ ಇದೆ.

ಆ ಕುತೂಹಲವನ್ನು ಈಚೆಗೆ ಮತ್ತೆ ಕೆದಕಿದವಳು ಬೆಂಗಳೂರಿನ ನನ್ನ ಮೊಮ್ಮಗಳು. ಅವರ ಅಪಾರ್ಟ್‌ಮೆಂಟಿನಲ್ಲಿ ಅಕ್ಟೋಬರ್ 31ರಂದು ಮಕ್ಕಳೆಲ್ಲ ಭೂತದ ಮುಖವಾಡ ಹಾಕಿಕೊಂಡು ಮನೆಮನೆಯ ಬೆಲ್ ಒತ್ತಿ ಚಾಕಲೇಟು ಕೇಳುತ್ತಾರಂತೆ. ದೊಡ್ಡ ಮಕ್ಕಳು ಒಟ್ಟಿಗೆ ಕುಳಿತು ಹೆದರಿಕೆಯ ಸಿನಿಮಾ ನೋಡುತ್ತಾರಂತೆ. "ಅಜ್ಜೀ, ನಿಮ್ಮ ಊರಲ್ಲಿ ಹ್ಯಾಲೋವೀನ್ ಇಲ್ವಾ?" ಎಂದು ಫೋನಿನಲ್ಲಿ ಕೇಳಿದಳು. ಅವಳಮ್ಮ ಹಿಂದಿನಿಂದ, "ಅದೆಲ್ಲ ಅಮೆರಿಕದ್ದು, ನಮ್ಮದಲ್ಲ" ಎಂದಳು. ನನಗೇಕೋ ಆ ಉತ್ತರ ಅಷ್ಟು ಸುಲಭ ಅನ್ನಿಸಲಿಲ್ಲ.

ಅದು ಅಮೆರಿಕದಲ್ಲಿ ಹುಟ್ಟಿದ್ದೂ ಅಲ್ಲ, ನೋಡಿ. ಐರ್ಲೆಂಡಿನ ಹಳ್ಳಿಗರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸೌಇನ್ ಎಂಬ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರಿಗೂ ಇದ್ದವರಿಗೂ ನಡುವಿನ ಗೋಡೆ ತೆಳುವಾಗುತ್ತದೆ, ಹೋದವರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನವೆಂದೂ, 2ನ್ನು ಸತ್ತವರೆಲ್ಲರ ಸ್ಮರಣೆಯ ದಿನವೆಂದೂ ಆಚರಿಸತೊಡಗಿದರು. ಅದರ ಮುನ್ನಾ ಸಂಜೆಯೇ ಹ್ಯಾಲೋವೀನ್. ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷರು ಗುಂಪುಗುಂಪಾಗಿ ಅಮೆರಿಕಕ್ಕೆ ವಲಸೆ ಹೋದಾಗ ಹಬ್ಬವೂ ಜೊತೆಗೆ ಹೋಯಿತು. ಊರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಮಾಡುತ್ತಿದ್ದವರು ಅಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿ ಕಂಡು ಅದನ್ನೇ ಕೊರೆದರು.

ಕುಂಬಳಕಾಯಿ ಎಂದೊಡನೆ ನನಗೆ ಪಕ್ಕದ ಮನೆಯ ಅಕ್ಕನ ಅಡಿಗೆಮನೆ ನೆನಪಾಯಿತು. ಅಕ್ಟೋಬರ್ 17ರ ಸುಮಾರಿಗೆ, ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿಗೆ, ತಲಕಾವೇರಿಯಲ್ಲಿ ತೀರ್ಥೋದ್ಭವ. ಕೊಡವರು ಅದನ್ನು ಕಾವೇರಿ ಚಂಗ್ರಾಂದಿ ಎನ್ನುತ್ತಾರೆ. ಮಾಂಸದೂಟಕ್ಕೆ ಹೆಸರಾದ ಮನೆಗಳಲ್ಲಿ ಆ ದಿನ ದೋಸೆ ಮತ್ತು ಕುಂಬಳಕಾಯಿ ಕರಿ. ಗದ್ದೆಗಳಲ್ಲಿ ಕಾಡುಬಳ್ಳಿ ಸುತ್ತಿದ ಬೊತ್ತ್ ಎಂಬ ಕೋಲು ನೆಡುತ್ತಾರೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ಇಟ್ಟು, ಕಾವೇರಿಯೆಂದು ಹೆಂಗಸರು ಪೂಜೆ ಮಾಡುತ್ತಾರೆ. ಅಕ್ಕ ಅಂದು ಮೊದಲ ದೋಸೆ, ಮೊದಲ ಸೌಟು ಕರಿಯನ್ನು ಬಾಳೆಲೆಯಲ್ಲಿ ಬಡಿಸಿ ದೀಪದ ಮುಂದೆ ಇಟ್ಟರು. ಯಾರಿಗೆ ಎಂದು ಕೇಳಿದೆ. "ಹೋದವರಿಗೆ. ಇದಕ್ಕೆ ಮೀದಿ ಇಡುವುದು ಅನ್ನುತ್ತೇವೆ. ಅವರು ಉಂಡ ಮೇಲೆ ನಾವು" ಎಂದರು, ಊರಿಂದ ನೆಂಟರು ಬಂದಿದ್ದಾರೆ ಎನ್ನುವಷ್ಟೇ ಸಹಜವಾಗಿ.

ಕೊಡವರ ಐನ್‌ಮನೆಗಳಲ್ಲಿ ಹಿರಿಯರೆಂದರೆ ಗೋಡೆಯ ಮೇಲಿನ ಫೋಟೋ ಮಾತ್ರವಲ್ಲ. ಒಕ್ಕದ ಮೂಲಪುರುಷ ಗುರುಕಾರೋಣ. ಅವನಿಗೆಂದು ಮನೆಯ ಹತ್ತಿರ ಕೈಮಡ ಎಂಬ ಪುಟ್ಟ ಗುಡಿ ಇರುತ್ತದೆ. ವರ್ಷಕ್ಕೊಮ್ಮೆ ಅವನಿಗೆ ಮಾಂಸ, ಮದ್ಯಗಳ ಎಡೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲೂ ಈ ಹಿರಿಯರ ಪೂಜೆಗೆ ದೊಡ್ಡ ಜಾಗವಿದೆ. ನವೆಂಬರ್ 2 ಬಂತೆಂದರೆ ಕೊಡಗಿನ ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು 1792ರಷ್ಟು ಹಳೆಯದು. ಅಂದರೆ ಹ್ಯಾಲೋವೀನಿನ ಅಕ್ಕತಂಗಿಯರು ಎರಡು ಶತಮಾನಗಳಿಂದ ಇಲ್ಲೇ ಇದ್ದಾರೆ. ಇನ್ನು ಭಯಂಕರ ರೂಪಗಳೇ ಬೇಕೆಂದರೆ ಮಡಿಕೇರಿ ದಸರಾ ಇದೆಯಲ್ಲ! ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವೆ. ಹೊಗೆ, ಬೆಂಕಿ, ಅಬ್ಬರದ ನಡುವೆ ಕೈಕಾಲು ಆಡಿಸುವ ರಾಕ್ಷಸರನ್ನು ಕಂಡು ಮಕ್ಕಳು ಕಿರುಚುತ್ತವೆ, ಬೆಳಗಿನ ಜಾವದವರೆಗೂ ಮನೆಗೆ ಬರಲು ಒಪ್ಪುವುದಿಲ್ಲ.

ಇಷ್ಟು ಹಬ್ಬದ ಮಾತಾಯಿತು. ಕಥೆಯ ಮಾತೇ ಬೇರೆ. ಉಣಿಸಿ ತಣಿಸಿದ ಹಿರಿಯರು ಕಾಡುವುದಿಲ್ಲ. ಕಾಡುವವರು ಅನ್ಯಾಯವಾಗಿ ಸತ್ತವರು, ಲೆಕ್ಕ ಚುಕ್ತಾ ಆಗದವರು. ಇಂಗ್ಲಿಷಿನಲ್ಲಿ ಗಾಥಿಕ್ ಎಂದು ಕರೆಯುವ ಕಥೆಗಳೆಲ್ಲ ಇವರವೇ. 1764ರಲ್ಲಿ ಹೊರೇಸ್ ವಾಲ್ಪೋಲ್ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಬರೆದು ಈ ಬಗೆಗೆ ಮೊದಲು ಹಾಡಿದ. ಪಾಳು ಕೋಟೆ, ಕ್ರೂರ ಒಡೆಯ, ಕತ್ತಲೆಯ ಸುರಂಗ, ಓಡಿಹೋಗುವ ಹುಡುಗಿ, ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಮನೆಮನೆಗೆ ತಂದವರು ಹೆಂಗಸರು. ಆನ್ ರ‍್ಯಾಡ್‌ಕ್ಲಿಫ್ 1794ರಲ್ಲಿ ಬರೆದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ಕಾದಂಬರಿಗೆ ಇಂಗ್ಲೆಂಡಿನ ಹೆಣ್ಣುಮಕ್ಕಳು ಮುಗಿಬಿದ್ದರು. ಅವರನ್ನು ನೋಡಿ ನಕ್ಕು ಜೇನ್ ಆಸ್ಟಿನ್ ಕೂಡ ಒಂದು ಕಾದಂಬರಿ ಬರೆದಳು. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಅಚ್ಚಾದದ್ದು 1818ರಲ್ಲಿ, ಅವಳಿಗಿನ್ನೂ ಇಪ್ಪತ್ತು. ಹೆಂಗಸರಿಗೆ ಈ ಕಥೆಗಳು ಏಕೆ ಹಿಡಿಸಿದವು? ದೊಡ್ಡ ಮನೆ, ಬೀಗ ಹಾಕಿದ ಕೋಣೆ, ಏನನ್ನೂ ಹೇಳದ ಯಜಮಾನ ಎಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಉಡಾಲ್ಫೊ ಲಂಡನ್ನಿನಲ್ಲಿ ಅಚ್ಚಾಗುವ ಹೊತ್ತಿಗೆ ನಮ್ಮ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿ ದೊಡ್ಡವೀರರಾಜೇಂದ್ರ ನಾಲ್ಕುನಾಡು ಅರಮನೆ ಕಟ್ಟಿಸುತ್ತಿದ್ದ. 1792ರಿಂದ 1794ರ ನಡುವಿನ ಕೆಲಸ. ಮೇಲೆ ಬಣ್ಣದ ಚಿತ್ರಗಳು, ಎದುರಿಗೆ ಚೆಂದದ ಮದುವೆ ಮಂಟಪ. ಒಳಗೆ ಹೋದರೆ ಹಗಲಲ್ಲೂ ಕಣ್ಣು ಕಾಣದ ಕೋಣೆಗಳು. 1796ರಲ್ಲಿ ಅರಸ ಮಹದೇವಮ್ಮಾಜಿಯನ್ನು ಮದುವೆಯಾದದ್ದು ಅಲ್ಲೇ. 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಅಡಗಲು ಓಡಿದ್ದೂ ಅಲ್ಲಿಗೇ. ಮದುವೆಯ ಮನೆಯೇ ಕೊನೆಯ ಬಿಲವಾಯಿತು.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ್ದಂತೂ ಪಕ್ಕಾ ದೆವ್ವದ ಕಥೆ. ಲಿಂಗರಾಜೇಂದ್ರ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ. ಸತ್ತವನು ಬ್ರಹ್ಮರಾಕ್ಷಸನಾಗಿ ಅರಸನಿಗೆ ಹಗಲಿರುಳೂ ನೆಮ್ಮದಿ ಕೊಡದಾದ. ಬಲ್ಲವರ ಮಾತು ಕೇಳಿ ಅರಸ ಕಾಶಿಯಿಂದ ಲಿಂಗ ತರಿಸಿ 1820ರಲ್ಲಿ ಪ್ರತಿಷ್ಠೆ ಮಾಡಿಸಿದ ಎಂಬುದು ಐತಿಹ್ಯ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಗೋಪುರ, ಮುಂದೆ ಕೊಳ. ದೂರದಿಂದ ನೋಡಿದವರು ಮಸೀದಿಯೇ ಎನ್ನಬೇಕು. ಕಿಟಕಿಯ ಪಂಚಲೋಹದ ಸರಳುಗಳಲ್ಲಿ 'ಲಿಂ' ಎಂಬ ಅರಸನ ಹೆಸರಿನ ಅಕ್ಷರವಿದೆ. ಅದೇ ವರ್ಷ ಅವನೂ ತೀರಿಕೊಂಡ. ನಾನು ಕೇಳಿದ ಕಥೆಯ ಒಂದು ರೂಪದಲ್ಲಿ ಕೊಲೆಗೆ ಕಾರಣ ಬ್ರಾಹ್ಮಣನ ಮಗಳ ಮೇಲೆ ಅರಸನ ಕಣ್ಣು ಬಿದ್ದದ್ದು. ಹಾಗಾದರೆ ಆ ಹುಡುಗಿ ಏನಾದಳು? ಕಥೆ ಹೇಳುವವರು ಯಾರೂ ಅಲ್ಲಿ ನಿಲ್ಲುವುದಿಲ್ಲ. ತಂದೆಗೆ ಗುಡಿಯಾಯಿತು, ಅರಸನಿಗೆ ಪ್ರಾಯಶ್ಚಿತ್ತವಾಯಿತು, ಅವಳ ಹೆಸರು ಕೂಡ ಉಳಿಯಲಿಲ್ಲ.

ಹೆಸರು ಉಳಿದ ಒಬ್ಬಳಿದ್ದಾಳೆ, ದೇವಮ್ಮಾಜಿ. ದೊಡ್ಡವೀರರಾಜೇಂದ್ರನಿಗೆ ಗಂಡು ಮಕ್ಕಳಿರಲಿಲ್ಲ. ತನ್ನ ನಂತರ ಮಗಳೇ ಪಟ್ಟಕ್ಕೆ ಬರಬೇಕೆಂದು ಅವನ ಆಸೆ. 1809ರಲ್ಲಿ ಅವನು ಸತ್ತಾಗ ಇನ್ನೂ ಬಾಲಕಿಯಾಗಿದ್ದ ಅವಳು ರಾಣಿಯಾದಳು. ಅವಳ ಪರವಾಗಿ ಆಡಳಿತ ಹಿಡಿದ ಚಿಕ್ಕಪ್ಪ ಲಿಂಗರಾಜ 1811ರಲ್ಲಿ ತಾನೇ ಅರಸನೆಂದು ಸಾರಿದ. ಮುಂದೆ ಅವನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅವಳ ಕೊಲೆಯಾಯಿತೆಂದು ಕೊಡಗಿನ ಚರಿತ್ರೆ ಬರೆದವರು ಹೇಳುತ್ತಾರೆ. ಹೀಗೆ ಬರೆದವರಲ್ಲಿ ಮೊದಲಿಗರು ಯುರೋಪಿನವರು. 1855ರಲ್ಲಿ ಪುಸ್ತಕ ತಂದ ಮೋಗ್ಲಿಂಗ್ ಮಿಷನರಿ. ರಾಜ್ಯ ಕಿತ್ತುಕೊಂಡ ಕಂಪನಿಗೆ ಅರಸ ಎಷ್ಟು ಘೋರನಾಗಿ ಕಂಡರೆ ಅಷ್ಟು ಒಳ್ಳೆಯದೇ ಆಗಿತ್ತು. ಆದ್ದರಿಂದ ಆ ಬರಹಗಳನ್ನು ಓದುವಾಗ ಎಚ್ಚರ ಬೇಕು. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ 'ಚಿಕವೀರ ರಾಜೇಂದ್ರ' ಕಾದಂಬರಿಯಲ್ಲಿ ಅದೇ ಅರಸ ರಾಕ್ಷಸನಲ್ಲ, ಕೆಟ್ಟುಹೋದ ಮನುಷ್ಯ. ಆದರೂ ಒಂದು ಮಾತು ಉಳಿಯುತ್ತದೆ. ಗದ್ದಿಗೆಯಲ್ಲಿ ದೊಡ್ಡವೀರರಾಜನಿಗೂ ಲಿಂಗರಾಜನಿಗೂ ಗುಮ್ಮಟದ ಸಮಾಧಿಗಳಿವೆ. ಪಟ್ಟ ಕಳೆದುಕೊಂಡ ಹುಡುಗಿಯ ಹೆಸರಿನಲ್ಲಿ ಒಂದು ದೆವ್ವದ ಕಥೆಯನ್ನಾದರೂ ನಾನು ಈ ಊರಿನಲ್ಲಿ ಇಷ್ಟು ವರ್ಷ ಕೇಳಿಲ್ಲ.

ಇಂಥವರ ನೆನಪನ್ನು ಕೊನೆಗೆ ಎತ್ತಿಕೊಂಡದ್ದು ಸಿನಿಮಾ. ಕನ್ನಡದ ಹೆದರಿಕೆಯ ಚಿತ್ರಗಳನ್ನು ನೆನಪಿಸಿಕೊಳ್ಳಿ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಅನಂತನಾಗ್ ಅವರ ಬೆನ್ನು ಬಿಡದ ಹೆಣ್ಣು ದೆವ್ವವನ್ನು ಕಂಡು ನಾವು ಗೆಳತಿಯರು ಸೆರಗಿನಿಂದ ಮುಖ ಮುಚ್ಚಿಕೊಂಡು, ಬೆರಳ ಸಂದಿನಿಂದ ಎಲ್ಲವನ್ನೂ ನೋಡಿದ್ದೆವು. 2004ರಲ್ಲಿ ಬಂದ 'ಆಪ್ತಮಿತ್ರ'ದಲ್ಲಿ ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ಅರಸನ ಕೈಯಲ್ಲಿ ಸತ್ತ ನರ್ತಕಿ ನಾಗವಲ್ಲಿ ಇದ್ದಾರೆ. ವಾಲ್ಪೋಲನ ಸಾಮಾನೆಲ್ಲ ಕನ್ನಡ ಮಾತಾಡಿದಂತಿತ್ತು. ಅದರಲ್ಲಿ ಸೌಂದರ್ಯ ಮಾಡಿದ ಗಂಗಾ, ತನ್ನದಲ್ಲದ ದುಃಖವನ್ನು ತನ್ನದೆಂದೇ ಹೊತ್ತವಳು. ಚಿತ್ರ ತೆರೆಗೆ ಬರುವ ನಾಲ್ಕು ತಿಂಗಳ ಮುಂಚೆ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಟಾಕೀಸಿನಲ್ಲಿ ಅವರು ಕಣ್ಣರಳಿಸಿದಾಗ ಹೆಂಗಸರ ಸಾಲಿನಲ್ಲಿ ಹೆದರಿಕೆಗಿಂತ ಹೆಚ್ಚಾಗಿ ನಿಟ್ಟುಸಿರು ಕೇಳಿಸುತ್ತಿತ್ತು.

ಸಿನಿಮಾದ ದೆವ್ವಗಳಲ್ಲಿ ಹೆಣ್ಣೇ ಹೆಚ್ಚು ಎಂದು ಗಂಡಸರು ತಮಾಷೆ ಮಾಡುವುದುಂಟು. ಇರಬಹುದು. ಬದುಕಿದ್ದಾಗ ಕೂಗಿ ಹೇಳಲಾಗದ್ದನ್ನು ಸತ್ತ ಮೇಲಾದರೂ ಹೇಳಲಿ ಎಂದು ಕಥೆ ಕಟ್ಟುವವರು ಅವಳಿಗೆ ಬಿಳಿ ಸೀರೆ ಉಡಿಸಿ ಕಳಿಸುತ್ತಾರೆ. ಕಾಲ್ಗೆಜ್ಜೆಯ ಸದ್ದಿಗೆ ನಾವು ಬೆಚ್ಚುತ್ತೇವೆ, ನಿಜ. ಬೆಚ್ಚಿದ ಮೇಲೆ, "ಪಾಪ, ಅವಳಿಗೆ ಏನಾಗಿತ್ತು?" ಎಂದು ಕೇಳುವವರೂ ನಾವೇ.

ಆದ್ದರಿಂದ ಮೊಮ್ಮಗಳ ಹಬ್ಬಕ್ಕೆ ನನ್ನ ತಕರಾರಿಲ್ಲ. ಮುಖವಾಡ ಹಾಕಲಿ, ಚಾಕಲೇಟು ತಿನ್ನಲಿ, ಗೆಳತಿಯರೊಂದಿಗೆ ದಿಂಬು ಅಪ್ಪಿಕೊಂಡು ಸಿನಿಮಾ ನೋಡಲಿ. ಜೊತೆಗೆ ಎರಡು ಕೆಲಸ ಹೇಳಿದ್ದೇನೆ. ಕುಂಬಳಕಾಯಿ ಕೊರೆದಾಗ ತಿರುಳನ್ನು ಎಸೆಯದೆ ಅಮ್ಮನ ಕೈಗೆ ಕೊಟ್ಟು ಕರಿ ಮಾಡಿಸಬೇಕು. ಮೊದಲ ತುತ್ತನ್ನು ಅವಳು ನೋಡಿಯೇ ಇಲ್ಲದ ಮುತ್ತಜ್ಜಿಯ ಹೆಸರು ಹೇಳಿ ಎತ್ತಿಡಬೇಕು. ಆಮೇಲೆ ದೀಪ ಆರಿಸಿ ಕಥೆ ಹೇಳುವ ಸರದಿ ತನ್ನದಾದಾಗ, ಡ್ರಾಕುಲನನ್ನು ಒಂದು ವರ್ಷ ಮಲಗಲು ಬಿಟ್ಟು, ಕೊಡಗಿನಲ್ಲಿ ದೇವಮ್ಮಾಜಿ ಎಂಬ ಹುಡುಗಿಯೊಬ್ಬಳು ರಾಣಿಯಾಗಿದ್ದಳು ಎಂದು ಶುರು ಮಾಡಬೇಕು. "ಅವಳು ದೆವ್ವ ಆಗಿದ್ಲಾ ಅಜ್ಜೀ?" ಎಂದು ಕೇಳಿದಳು. ಇಲ್ಲ ಮಗಳೇ, ಯಾರೂ ಅವಳ ಕಥೆ ಹೇಳಲಿಲ್ಲ, ಅದಕ್ಕೇ ಆಗಲಿಲ್ಲ, ಎಂದೆ.